ಹಿತ್ತಲ ಬಾವಿಗೆ ಆಪಾನ ಒಪ್ಪಿಗೆ

ಆಪಾ ತೀರಿಕೊಂಡ ಮೂರನೆಯ ದಿನ, ಗೋರಿಗೆ ಹೋಗಿ ಜಿಯಾರತ್ ಮುಗಿಸಿ ಹಿರಿಯರು ಇನ್ನೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ, ಒಬ್ಬ ಹೆಂಗಸು ನಮ್ಮ ಹಿತ್ತಲ ಬಾಗಿಲಿಗೆ ಬಂದು ಪಾತಾಳಗರಡಿ ಕೇಳಿದಳು. ಹುಣಸೆ ಬಾವಿಯಲ್ಲಿ ಅವಳ ಕೊಡ ಬಿದ್ದಿತ್ತು. ಸಾವಾದ ಮನೆ ಎಂದು ಗೊತ್ತಿದ್ದರಿಂದ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಮಾತಾಡಿದಳು.

"ಸಿಟ್ಟಾಗಬ್ಯಾಡ್ರಿ. ಕೊಡ ನಂದಲ್ಲ, ಅತ್ತೀದು. ಖಾಲಿ ಕೈಲೆ ಮನೀಗೆ ಹೋಗಾಂಗಿಲ್ಲ."

ಗರಡಿ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ಅಡುಗೆಮನೆಯ ಹಿಂದಿನ ಗೋಡೆಯ ಗೂಟದಿಂದ ಅದನ್ನು ಇಳಿಸಿ ತಂದಳು. ಎಷ್ಟೋ ವರ್ಷ ಆಪಾ ಅದನ್ನು ಹಿಡಿದುಕೊಂಡು ಹೊರಗೆ ಹೋಗಿರಲಿಲ್ಲ. ಆದರೂ ಕೊಕ್ಕೆಗಳಿಗೆ ತುಕ್ಕು ಹತ್ತಿರಲಿಲ್ಲ, ಎಣ್ಣೆ ಸವರಿ ಇಟ್ಟಿದ್ದಳು.

ಆ ದಿನ ನಾನು ಏನು ಮಾಡಿದೆ ಎಂಬುದನ್ನು ಕಡೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಆಪಾ ಎಂಥವಳು ಎಂದು ಹೇಳಬೇಕು. ನಾನು ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಲಾರಿಯ ಎಂಜಿನ್ ಬಿಚ್ಚಿ ಜೋಡಿಸಿದ ಹಾಗೆ ಮಾತು ಜೋಡಿಸಲು ನನಗೆ ಬರುವುದಿಲ್ಲ. ನಮ್ಮ ಮನೆಯೊಳಗಿನ ಮಾತು ಉರ್ದು. ನಾವು ಆಡಿದ್ದನ್ನು ಇಲ್ಲಿ ಓಣಿಯ ಕನ್ನಡದಲ್ಲೇ ಬರೆದಿದ್ದೇನೆ. ಆಪಾ ಹೊರಗೆ ಆಡುತ್ತಿದ್ದದ್ದೂ ಅದೇ ಕನ್ನಡ.

ಆಪಾ ನನ್ನ ಒಬ್ಬಳೇ ಅಕ್ಕ. ನಮ್ಮ ಅಪ್ಪ ದಾಂಡೇಲಿಯ ಕಾಡಿನಿಂದ ಸಾಗವಾನಿ ದಿಮ್ಮಿ ಹೇರುವ ಗಾಡಿ ಹೊಡೆಯುತ್ತಿದ್ದ. ಮನೆ ಹಳಿಯಾಳದಲ್ಲಿ, ಕೋಟೆಯ ಕಂದಕದ ಹತ್ತಿರ. ಆಪಾನನ್ನು ಮುಂಡಗೋಡದ ಕಡೆ ಇಂದೂರು ಎಂಬ ಹಳ್ಳಿಗೆ ಕೊಟ್ಟಿದ್ದರು. ಗಂಡ ಗೋವೆಗೆ ಗಾಡಿ ಕಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ಗಡಿಯಲ್ಲಿ ಅನಮೋಡದ ನಾಕೆ ದಾಟಿದ್ದನ್ನು ಕಂಡವರಿದ್ದರು, ಆಚೆಗೆ ಕಂಡವರು ಇರಲಿಲ್ಲ. ಆಪಾ ನಮ್ಮ ಮನೆಗೆ ಬಂದಳು. ಯಾರಾದರೂ ಅಯ್ಯೋ ಪಾಪ ಅನ್ನಲು ಬಾಯಿ ತೆರೆದರೆ ತಾನೇ ಮೊದಲು ಹೇಳಿಬಿಡುತ್ತಿದ್ದಳು: "ಆ ಘಟ್ಟ ಇಳ್ಯಾಕ ಸುಲಭ, ಹತ್ತಾಕ ತ್ರಾಸು. ದಣದಿರಬೇಕು ಬಿಡ್ರಿ, ಕೂತಿರಲಿ." ಹೀಗೆಂದು ಎಲೆಯಡಿಕೆಯ ಕೆಂಪು ಹಲ್ಲು ತೋರಿಸಿ ನಗುವಳು. ಅಯ್ಯೋ ಅನ್ನಲು ಬಂದವರೂ ನಗಬೇಕಾಗುತ್ತಿತ್ತು.

ಅವ್ವ ಸತ್ತಾಗ ನಾನು ಸಣ್ಣವನು. ನನ್ನನ್ನು ಬೆಳೆಸಿದ್ದು ಆಪಾ. ಅಪ್ಪನೂ ಹೋದ ಮೇಲೆ ಮನೆ ನಡೆಸಿದ್ದೂ ಅವಳೇ, ಕಂಡವರ ಮನೆಯ ಭತ್ತ ಕುಟ್ಟಿ, ಶ್ಯಾವಿಗೆ ಹೊಸೆದು.

ಆದರೆ ಊರಿಗೆ ಅವಳ ಗುರುತು ಇದರಿಂದ ಇರಲಿಲ್ಲ. ಊರಿಗೆ ಅವಳು ಗರಡಿ ಆಪಾ.

ನಮ್ಮ ಓಣಿಯ ನೀರೆಲ್ಲ ಹುಣಸೆ ಬಾವಿಯದು. ಹಗ್ಗ ಹರಿದೋ, ಕುಣಿಕೆ ಜಾರಿಯೋ ಕೊಡ ಬಾವಿಗೆ ಬೀಳುವುದು ದಿನದ ಮಾತು. ಬಿದ್ದ ಕೊಡ ಎತ್ತಲು ಗರಡಿ ಬೇಕು: ಒಂದು ಕಬ್ಬಿಣದ ಬಳೆ, ಅದರ ಸುತ್ತ ಬಾಗಿದ ಕೊಕ್ಕೆಗಳು. ಹಗ್ಗ ಕಟ್ಟಿ ಇಳಿಬಿಟ್ಟು ತಳದಲ್ಲಿ ಆಡಿಸಬೇಕು. ಓಣಿಗೆಲ್ಲ ಗರಡಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಅಪ್ಪ ಗಾಡಿಯ ಹಳೆಯ ಪಟ್ಟಿಯಿಂದ ಮಾಡಿಸಿದ್ದು. ಅದನ್ನು ಆಡಿಸುವ ಕೈ ಇದ್ದದ್ದು ಆಪಾಗೆ ಮಾತ್ರ.

ಕೊಡ ಬಿದ್ದವಳು ಓಡಿ ಬರುವಳು. ಆಪಾ ಗರಡಿಯನ್ನು ಹೆಗಲಿಗೆ ಹಾಕಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಡುವಳು. ಮುಖ ತೆರೆದೇ ಇರುತ್ತಿತ್ತು. ಗೋಷಾ ಎಂಬುದೆಲ್ಲ ಆಗ ನಮ್ಮಂಥವರ ಮನೆಯ ಮಾತಲ್ಲ, ದೊಡ್ಡವರ ಮನೆಯದು. ಬಾವಿಯ ಹತ್ತಿರ ಹೋಗಿ, ಇಳಿಬಿಡುವ ಮೊದಲು ಕೊಡದವಳ ಕಡೆ ತಿರುಗಿ ಕೇಳುವಳು:

"ಹೆಂಗ ಬಿತ್ತು? ಖರೇ ಹೇಳು. ಸುಳ್ಳು ಹೇಳಿದ್ರ ಗರಡಿ ಹಿಡಿಯೂದಿಲ್ಲ."

ಮೊದಮೊದಲು ಚೇಷ್ಟೆಗೆ ಕೇಳಿದ್ದಿರಬೇಕು. ಬರಬರುತ್ತ ಅದೇ ರೂಢಿಯಾಯಿತು. ಹಗ್ಗ ಹಳೆಯದಿತ್ತು ಎಂದು ಶುರು ಮಾಡಿದವಳು ಆಪಾನ ಮುಖ ನೋಡಿ ನಿಲ್ಲಿಸುವಳು. ಆಮೇಲೆ ನಿಜವಾದದ್ದು ಬರುವುದು: ಮುಂಜಾನೆ ಗಂಡ ಹೊಡೆದಿದ್ದ, ಕೈ ನಡುಗುತ್ತಿತ್ತು, ತವರಿನಿಂದ ಕೆಟ್ಟ ಸುದ್ದಿ ಬಂದಿತ್ತು, ಕಣ್ಣು ಎಲ್ಲೋ ಇತ್ತು, ಮತ್ತೆ ಬಸುರಾಗಿದ್ದಾಳೆ, ಮನೆಯಲ್ಲಿ ಹೇಳಿಲ್ಲ. ಆಪಾ ಎರಡು ಬೆರಳನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಕೇಳುವಳು. ಬುದ್ಧಿ ಹೇಳುತ್ತಿರಲಿಲ್ಲ. ಕೇಳಿ ಮುಗಿದ ಮೇಲೆ ಎಲ್ಲರಿಗೂ ಸುಮ್ಮನಿರಿ ಎಂದು ಕೈ ಮಾಡಿ, ಕಣ್ಣು ಮುಚ್ಚಿಕೊಂಡು ಹಗ್ಗ ಬಿಡುವಳು.

"ಕಣ್ಣು ಮುಚ್ಚಿ ಏನು ಕಾಣತೈತಿ ಆಪಾ?" ಎಂದು ಒಮ್ಮೆ ನಾನೇ ಕೇಳಿದ್ದೆ.

"ಕಣ್ಣು ಬಿಟ್ರ ನೀರು ಕಾಣತೈತಿ. ನನಗ ಬೇಕಾದದ್ದು ಕೊಡ."

ಕೊಡ ಸಿಕ್ಕ ಕೂಡಲೆ "ಕಚ್ಚಿತು" ಅನ್ನುವಳು. ಅದನ್ನು ಅಷ್ಟು ಮೆಲ್ಲಗೆ ಹೇಳುತ್ತಿದ್ದಳು, ಜೋರಾಗಿ ಅಂದರೆ ಮತ್ತೆ ಬಿಟ್ಟುಬಿಟ್ಟೀತು ಎಂಬಂತೆ. ಸುತ್ತ ನಿಂತವರು ಆಮೇಲೆ ಹೋ ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಕೇಳಿದ್ದರಲ್ಲಿ ಒಂದು ಮಾತೂ ಬಾಯಿ ಬಿಡುತ್ತಿರಲಿಲ್ಲ. ಯಾರ ಕೊಡ ಎಂದು ಕೇಳಿದರೆ, "ನೀರಾಗ ಬಿದ್ದದ್ದು ನೀರಾಗ ಐತಿ, ಕೊಡ ಅಷ್ಟ ಮ್ಯಾಲ ಬಂತು" ಅನ್ನುವಳು.

ದಿನಕ್ಕೆ ಎರಡು ಹೊತ್ತು ನೀರಿಗೆ ಹೋಗುತ್ತಿದ್ದಳು. ಒಂದು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ. ಉಳಿದ ಒಂದು ಕೈ ಮಾತಿಗೆ. ನಮಗೆ ಬೇಕಾದ ನೀರಿಗೆ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ತಡ ಯಾಕೆ ಎಂದರೆ ಸಾಲು ಇತ್ತು ಅನ್ನುವಳು. ಸಾಲು ಇರುತ್ತಿತ್ತು, ಆದರೆ ಅವಳ ಪಾಳಿ ಬಂದಾಗ ಹಿಂದಿನವಳನ್ನು ಮುಂದೆ ಬಿಡುತ್ತಿದ್ದದ್ದೂ ನನಗೆ ಗೊತ್ತಿತ್ತು.

ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಲಾರಿಗಳಿಗೆ ಹಿಂದೆ ದೊಡ್ಡ ಡಬ್ಬಿ ಕಟ್ಟಿ, ಇದ್ದಲು ಉರಿಸಿ, ಅದರ ಗ್ಯಾಸಿನಿಂದ ಓಡಿಸಲು ಶುರು ಮಾಡಿದರು. ನಾನು ಆಗ ಒಬ್ಬ ಕಟ್ಟಿಗೆ ಗುತ್ತಿಗೆದಾರನ ಕಡೆ ಸಣ್ಣ ಕೆಲಸಕ್ಕಿದ್ದೆ. ಆ ಡಬ್ಬಿಯ ಸಂಗತಿ ನನ್ನ ಕೈಗೆ ಬೇಗ ಹತ್ತಿತು. ಜೋಯಿಡಾದ ಏರಿನಲ್ಲಿ ನಿಂತುಹೋದ ಲಾರಿ ನಾನು ಹೋಗಿ ಮುಟ್ಟಿದರೆ ಹೊರಡುತ್ತದೆ ಎಂದು ಹೆಸರಾಯಿತು. ಜನ ಮಿಸ್ತ್ರಿ ಸಾಹೇಬ ಅನ್ನತೊಡಗಿದರು. ಹುಲ್ಲಿನ ಮಾಡು ತೆಗೆದು ಹಂಚು ಹಾಕಿಸಿದೆ. ಮಸೀದಿಯಲ್ಲಿ ಮುಂದಿನ ಸಾಲಿನವರು ಸರಿದು ಜಾಗ ಕೊಟ್ಟರು.

ಹಾಗಿರುವಾಗ ಧಾರವಾಡದಿಂದ ಒಂದು ಹೆಣ್ಣಿನ ಮಾತು ಬಂತು. ತಂದೆಯಿಲ್ಲದ ಹುಡುಗಿ, ಆಕೆಯ ಮಾಮಾನೇ ಎಲ್ಲ. ಅತ್ತರು ಮಾರುವ ಮನೆತನ. ಮಾಮಾ ಬಂದು ಮನೆ ನೋಡಿದರು, ಹಂಚು ನೋಡಿದರು, ನನ್ನ ಕೈ ನೋಡಿದರು. ಚಹಾ ಕುಡಿದು ಬಸಿ ಕೆಳಗಿಡುವಾಗ ಕೇಳಿದರು: "ನೀರು?"

"ಹುಣಸಿ ಬಾವಿದು. ಸಿಹಿ ನೀರು" ಎಂದೆ.

"ನೀರು ಸಿಹಿನ ಇರಲಿ. ತರಾವರು ಯಾರು?"

ಅಷ್ಟು ಹೊತ್ತಿಗೆ ಸರಿಯಾಗಿ ಆಪಾ ಎರಡು ಕೊಡ ಹೊತ್ತುಕೊಂಡು, ಹಿಂದಿರುಗಿ ಯಾರಿಗೋ ಏನೋ ಕೂಗಿ ನಗುತ್ತ ಅಂಗಳಕ್ಕೆ ಬಂದಳು. ಮಾಮಾ ಕಣ್ಣು ಕೆಳಗೆ ಹಾಕಿದರು. ಅದು ಮರ್ಯಾದೆಗೆ ಹಾಕಿದ್ದು, ಆದರೆ ನನ್ನ ಕಿವಿ ಬಿಸಿಯಾಯಿತು. "ನಮ್ಮ ಮನೀ ಹೆಣ್ಮಕ್ಕಳು ಓಣಿ ನೀರಿಗೆ ಹೋದವರಲ್ಲ" ಎಂದರು. "ಹಿತ್ತಲ ಐತಿ. ಒಂದು ಬಾವಿ ತೋಡಸ್ರಿ. ಮುಂದಿನ ಮಾತು ಆಮ್ಯಾಲ ಆಡೂಣು."

ಆ ಸಂಜೆಯೇ ಆಪಾಗೆ ಹೇಳಿದೆ. "ಹಿತ್ತಲದಾಗ ಬಾವಿ ತೋಡಸ್ತೇನಿ."

"ಯಾಕ, ಹುಣಸಿ ಬಾವಿ ಬತ್ತೇತೇನು?"

"ನೀ ಇನ್ನೂ ಎಷ್ಟು ವರ್ಷ ಹೊರತಿ?"

"ಕೊಡ ಭಾರ ಆಗ್ಯಾವ ಅಂತ ನಾ ಹೇಳೇನೇನು?"

"ನಾಳೆ ಮನೀಗೆ ಹೊಸಾ ಮಂದಿ ಬರ್ತಾರ. ನೋಡಿದವರು ಏನಂತಾರ?"

ಆಪಾ ನನ್ನನ್ನು ನೋಡಿದಳು. "ಓ, ಹಂಗೇನು. ಬಾವಿ ನೀರಿಗಲ್ಲ, ಬಾಗಲಾ ಹಾಕಾಕ."

ಎದ್ದು ಒಲೆಯ ಮುಂದೆ ಹೋಗಿ ಕೂತಳು. ರೊಟ್ಟಿ ತಟ್ಟುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡೇ ಹೇಳಿದಳು: "ನಿನ್ನ ಲಗ್ನ ಆಗಲಿ. ನನಗಿಂತ ಯಾರಿಗೆ ಸಂತೋಷ? ಬೇಕಾದ್ರ ನಾ ಬುರ್ಖಾ ಹಾಕ್ಕೊಂಡು ನೀರಿಗೆ ಹೋಗ್ತೇನಿ. ಹೋಗೂದೊಂದು ಬಿಡಸಬ್ಯಾಡ."

"ಬುರ್ಖಾ ಹಾಕ್ಕೊಂಡು ಕೊಡ ಹೊರೂದನ್ನ ಯಾರರೆ ನೋಡ್ಯಾರೇನು? ನಕ್ಕಾರು."

"ನಗಲಿ. ನಗಸೂದು ನನಗೇನು ಹೊಸಾದಲ್ಲ."

ನಾನು ಕೇಳಲಿಲ್ಲ. ಅವಳಿಗೆ ಆರಾಮವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ ನಿಜವೇ ಅನ್ನಿಸತೊಡಗಿತು.

ಊರೊಳಗೆ ಹೊಸ ಬಾವಿಗೆ ಪರವಾನಗಿ ಬೇಕಿತ್ತು. ನಮ್ಮ ಹಿತ್ತಲು ಕಂದಕದ ಸರ್ಕಾರಿ ಜಾಗಕ್ಕೆ ಹತ್ತಿಕೊಂಡಿತ್ತು. ಅದಲ್ಲದೆ ನಮ್ಮ ಕಡೆಯ ಚಳಿಜ್ವರ ಎಲ್ಲರಿಗೂ ಗೊತ್ತಿದ್ದದ್ದು. ತೆರೆದ ಬಾವಿಯಲ್ಲಿ ಸೊಳ್ಳೆ ಹುಟ್ಟುತ್ತದೆ ಎಂದು ಮುಚ್ಚಳ ಕೂಡಿಸುವ ಕರಾರಿಲ್ಲದೆ ಬಾವಿ ಬಿಡುತ್ತಿರಲಿಲ್ಲ. ಅರ್ಜಿ ಕೊಟ್ಟೆ. ನಕಾಶೆ ತಾ ಎಂದರು. ನಕಾಶೆ ತಂದರೆ ಜಾಗ ಅಳೆಯಲು ಮೋಜಣಿಯವರು ಬರಬೇಕು ಎಂದರು. ಮೋಜಣಿಯವರು ಬರುವಷ್ಟರಲ್ಲಿ ಸಾಹೇಬರು ಜೋಯಿಡಾ ಕ್ಯಾಂಪಿಗೆ ಹೋಗಿದ್ದರು. ಕಚೇರಿಯ ಕಾರಕೂನ ನನ್ನನ್ನು ಕಂಡರೆ ನಗುತ್ತಿದ್ದ: "ಏನ್ ಮಿಸ್ತ್ರಿ, ಲಾರಿ ಇದ್ದಲದ ಮ್ಯಾಲ ಓಡಸ್ತೀಯಂತ. ಈ ಅರ್ಜಿಗೂ ಒಂದು ಡಬ್ಬಿ ಕಟ್ಟಿ ನೋಡು."

ಅವನು ನಕ್ಕಷ್ಟೂ ನನ್ನ ಹಟ ಬೆಳೆಯಿತು. ಧಾರವಾಡದಿಂದ ಮಾತು ಬಂದಾಗಲೆಲ್ಲ ಪರವಾನಗಿ ಇನ್ನೇನು ಬಂತು ಎಂದು ಹೇಳಿ ಕಳಿಸುತ್ತಿದ್ದೆ. ಹೇಳಿ ಹೇಳಿ, ಹಿಂದೆ ಸರಿಯಲು ನನಗೂ ಜಾಗ ಉಳಿಯಲಿಲ್ಲ.

ಎಲ್ಲ ಮುಗಿಯುತ್ತ ಬಂದಾಗ ಒಂದು ತಕರಾರು ಬಿತ್ತು. ನಮ್ಮ ಮಗ್ಗುಲ ಮನೆಯ ಮರಾಠಿ ಮುದುಕಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ಹೊಸ ಬಾವಿ ತೋಡಿದರೆ ತನ್ನ ಹಿತ್ತಲ ಬಾವಿಯ ನೀರು ಹೋಗುತ್ತದೆ ಎಂದು ಕಚೇರಿಯಲ್ಲಿ ಹೇಳಿ ಬಂದಿದ್ದಳು. ನನಗೆ ನಂಬಲಾಗಲಿಲ್ಲ. ನೆಟ್ಟಗೆ ಅವಳ ಅಂಗಳಕ್ಕೆ ಹೋದೆ.

"ಆಯಿ, ನಿಮ್ಮ ಬಾವಿ ನೀರು ಎಮ್ಮಿ ಸೈತ ಕುಡಿಯೂದಿಲ್ಲ!"

"ಕುಡೀದಿದ್ರ ಬಿಡಲಿ. ಕೆಟ್ಟ ನೀರಾದ್ರೂ ಬಾವಿ ನಂದು."

"ನಿಮಗ ಯಾರು ಹೇಳಿಕೊಟ್ರು ಇದನ್ನ?"

ಆಯಿ ಮೊರ ಕೆಳಗಿಟ್ಟಳು. "ಅರೇ ಪೋರಾ, ಸರ್ಕಾರದ ಕೂಡ ಕುಸ್ತಿ ಹಿಡಿಯೂ ವಯಸ್ಸೇನು ನಂದು? ನಿನ್ನ ಅಕ್ಕ ಬಂದು ಇಲ್ಲೇ, ಈ ಮೊರದ ಮುಂದ ಕೂತು, ಆಯಿ ಇದೊಂದು ಮಾಡ್ರಿ ಅಂದ್ಲು. ಆ ಹುಡುಗಿ ಇವತ್ತಿನ ತನಕ ನನ್ನ ಹತ್ರ ಒಂದು ಚಿಟಿಕಿ ಉಪ್ಪು ಕೇಳಿಲ್ಲ. ಇಲ್ಲ ಅಂತ ಹೆಂಗ ಅನ್ನಲಿ?"

ನಾನು ಅಲ್ಲಿಗೇ ಮನೆಗೆ ಬಂದು ಆಪಾನ ಹತ್ತಿರ ಕೂರಬೇಕಿತ್ತು. ಅದರ ಬದಲು ಆಯಿಗೆ ಹೇಳಿದೆ: "ನಿಮ್ಮ ಮೊಮ್ಮಗ ನಮ್ಮ ಲಾರಿ ಮ್ಯಾಲ ಕೆಲಸಕ್ಕ ಅದಾನ. ನೆನಪಿರಲಿ." ಆಯಿ ನನ್ನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಮರುದಿನ ಕಚೇರಿಗೆ ಹೋಗಿ ತಕರಾರು ಹಿಂದಕ್ಕೆ ತೆಗೆದುಕೊಂಡಳು. ಆಪಾಗೆ ನಾನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆ ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, "ಆಯಿ ಹುಡುಗನ ಕೆಲಸ ಇರತೈತಲ್ಲ?" ಎಂದಳು. ಇರುತ್ತದೆ ಎಂದೆ. "ಹಂಗಾದ್ರ ಆತು" ಎಂದಳು.

ಇನ್ನು ಉಳಿದದ್ದು ಸ್ಥಳ ನೋಡುವುದು. ಕಂದಾಯದ ಸರ್ಕಲ್ ಸಾಹೇಬರು ಸಿಪಾಯಿಯನ್ನು ಕರೆದುಕೊಂಡು ಬರುವ ದಿನ ಗೊತ್ತಾಯಿತು. ನಾನು ಜಾಣತನ ಮಾಡಿ ಧಾರವಾಡದ ಮಾಮಾನನ್ನೂ ಅದೇ ದಿನಕ್ಕೆ ಕರೆಸಿದೆ. ಹಿಂದಿನ ದಿನ ನಡುಮನೆಯ ಬಾಗಿಲಿಗೆ ಹಾಸಿಗೆಯ ಚಾದರ ಬಡಿದು ಪರದೆ ಮಾಡಿದೆ. ಆಪಾಗೆ ಒಳಗೇ ಇರಬೇಕು, ದನಿ ಹೊರಗೆ ಬರಬಾರದು ಎಂದೆ. ಆ ದಿನ ಮುಂಜಾನೆ ಕೂಡ ಅವಳು ಹುಣಸೆ ಬಾವಿಗೆ ಹೋಗಿ ಬಂದಿದ್ದಳು.

ಸಾಹೇಬರು ಬಂದರು. ಸರಪಳಿ ಹಿಡಿದು ಅಳೆಸಿದರು. ಆಯಿಯ ಬಾವಿ ಎಷ್ಟು ದೂರ, ಕಂದಕ ಎಷ್ಟು ದೂರ, ಎಲ್ಲ ನೋಡಿದರು. ಸಿಪಾಯಿಯ ಹೆಂಡತಿಯ ಕೊಡವನ್ನೂ ಆಪಾ ಒಂದಲ್ಲ ಒಂದು ದಿನ ಎತ್ತಿಕೊಟ್ಟಿದ್ದಳು. ಅವನು ಅತ್ತಿತ್ತ ನೋಡಿ, "ಗರಡಿ ಆಪಾ ಎಲ್ಲಿ? ಕಾಣವಲ್ಲರು?" ಎಂದ. ನಾನು ಕಣ್ಣು ದೊಡ್ಡದು ಮಾಡಿ ನೋಡಿದೆ. ಅವನಿಗೆ ತಿಳಿಯಲಿಲ್ಲ, ಆದರೂ ಸುಮ್ಮನಾದ.

ಸಾಹೇಬರು ಹೊರಸಿನ ಮೇಲೆ ಕೂತು ಹೇಳಿದರು: "ಜಾಗ ನಿಮ್ಮ ತಂದೀ ಹೆಸರಿಲೆ ಐತಿ. ನಿಮ್ಮ ಕಾಯ್ದೆ ಪ್ರಕಾರ ಹೆಣ್ಣುಮಗಳಿಗೂ ಪಾಲು ಬರತೈತಿ. ನಿಮ್ಮ ಅಕ್ಕ ಅದಾರಲ್ಲ? ಅವರ ಒಪ್ಪಿಗಿ ಬೇಕು. ಅವರು ಬ್ಯಾಡ ಅಂದ್ರ ನಾ ಬರಿಯಾಕ ಬರೂದಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಮಾಮಾ ಕಟ್ಟೆಯ ಮೇಲೆ ಜಪಮಾಲೆ ಎಣಿಸುತ್ತಿದ್ದವರು ನಿಲ್ಲಿಸಿದರು.

"ಆಕಿ ಗೋಷಾದಾಗ ಅದಾಳ್ರಿ" ಎಂದೆ.

ಸಿಪಾಯಿ ನನ್ನ ಮುಖ ನೋಡಿ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

ಸಾಹೇಬರು ಒಳ್ಳೆಯವರು. ಇಂಥ ಮನೆಗಳ ರೀತಿ ಬಲ್ಲವರು. "ಹಂಗಾದ್ರ ನೀವ ಒಳಗ ಹೋಗಿ ಕೇಳ್ಕೊಂಡು ಬರ್ರಿ. ಅವರು ಅಂದದ್ದನ್ನ ಬಂದು ಹೇಳ್ರಿ, ಬರಕೋತೇನಿ." ಗೋಷಾ ಮನೆಯಲ್ಲಿ ಅದೇ ಪದ್ಧತಿ. ಒಳಗಿನ ಮಾತನ್ನು ಗಂಡಸು ಹೊರಗೆ ತರುತ್ತಾನೆ. ತಂದ ಮಾತೇ ಮಾತು.

ಚಾದರ ಸರಿಸಿ ಒಳಗೆ ಹೋದೆ. ಆಪಾ ಭತ್ತದ ಕಣಜಕ್ಕೆ ಒರಗಿ ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಸಾಹೇಬರ ಮಾತನ್ನು ಅವಳು ಕೇಳಿದ್ದಳು, ನಾನು ಮತ್ತೆ ಹೇಳಬೇಕಾಗಿರಲಿಲ್ಲ. ದನಿ ಹೊರಗೆ ಹೋಗದಂತೆ, ಕೊಡ ಕಚ್ಚಿತು ಅನ್ನುವಾಗಿನ ದನಿಯಲ್ಲಿ ಹೇಳಿದಳು:

"ಬ್ಯಾಡ ಅಂತ ಹೇಳು. ನನ್ನ ಪಾಲಿನ ನೆಲ ಇದ್ದಾಂಗ ಇರಲಿ ಅಂತ ಹೇಳು. ಇಷ್ಟ ಹೇಳು, ನಿನ್ನ ಲಗ್ನ ನಾ ಹೆಂಗರೆ ಮಾಡ್ತೇನಿ."

ನಾನು ಹೊರಗೆ ಬಂದೆ. ಸಾಹೇಬರು ಟಾಕನ್ನು ಮಸಿಗೆ ಅದ್ದಿಕೊಂಡು ಕಾಯುತ್ತಿದ್ದರು. ಮಾಮಾ ನನ್ನನ್ನೇ ನೋಡುತ್ತಿದ್ದರು.

"ಒಪ್ಪಿಗಿ ಐತಿ ಅಂತಾಳ್ರಿ" ಎಂದೆ.

ಹೇಳಿದ ಮೇಲೆ ಪರದೆಯ ಕಡೆ ಕಿವಿ ಇಟ್ಟೆ. ಇನ್ನೇನು ಕೂಗುತ್ತಾಳೆ ಅಂದುಕೊಂಡೆ. ಬಾವಿಯ ಈ ತುದಿಯಿಂದ ಕಂದಕದ ಆ ತುದಿಗೆ ಕೇಳಿಸುವ ದನಿ ಅದು. ಸುಳ್ಳ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಚಾದರ ಗಾಳಿಗೆ ಒಂದಿಷ್ಟು ಅಲ್ಲಾಡಿತು. ಒಳಗೆ ಬಳೆಯ ಸದ್ದೂ ಆಗಲಿಲ್ಲ.

ಯಾಕೆ ಕೂಗಲಿಲ್ಲ? ನಾನು ಇದನ್ನು ಎಷ್ಟು ಯೋಚಿಸಿದರೂ ಒಂದೇ ಉತ್ತರ ಬರುತ್ತದೆ. ಕೂಗಿದ್ದರೆ, ಈ ಮನೆಯ ಹೆಂಗಸು ಪರಗಂಡಸರ ಮುಂದೆ ದನಿ ಎತ್ತುತ್ತಾಳೆ, ಈ ಮನೆಯ ಗಂಡಸು ಸುಳ್ಳುಗಾರ ಎಂದು ಮಾಮಾಗೆ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಅಲ್ಲಿಗೆ ನನ್ನ ಲಗ್ನ ಮುಗಿಯುತ್ತಿತ್ತು. ಅವಳು ನನ್ನನ್ನು ಬೆಳೆಸಿದವಳು. ಅದು ನನಗೆ ಗೊತ್ತಿದ್ದೇ ಹೇಳಿದೆ. ಅವಳು ಕೂಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ಮಾತು ಆಡಿದೆ.

"ಹೆಬ್ಬಟ್ಟು ಮಾಡಿಸಿಕೊಂಡು ಬರ್ರಿ" ಎಂದು ಸಾಹೇಬರು ಕಾಗದವನ್ನೂ ಮಸಿಯ ಗಾದಿಯನ್ನೂ ಕೊಟ್ಟರು. ಒಳಗೆ ಒಯ್ದೆ. ಆಪಾ ನನ್ನ ಮುಖ ನೋಡಲಿಲ್ಲ. "ಯಾವ ಕೈದು?" ಎಂದಳು. "ಎಡಗೈದು" ಎಂದೆ. ಬೆರಳನ್ನು ತಾನೇ ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಕೈ ತೆಗೆದಳು. ನಾನು ಹೊರಗೆ ಹೋಗುವಾಗ ಕೊಡ ಬೆಳಗುವ ಬೂದಿಯಲ್ಲಿ ಬೆರಳು ತಿಕ್ಕುತ್ತಿದ್ದಳು.

ಬಾವಿ ಆಯಿತು. ಕೆಂಪು ಕಲ್ಲು ಒಡೆದ ಮೇಲೆ ನೀರು ಬೇಗ ಸಿಕ್ಕಿತು. ಜನ ಬಂದು ನೋಡಿ ಹೊಗಳಿದರು, ಅಕ್ಕನಿಗೆ ಎಂಥ ಸುಖ ಮಾಡಿಕೊಟ್ಟ ಎಂದರು. ಆಪಾ ಮೊದಲ ಕೊಡ ಎತ್ತಿ ನನಗೆ ಕುಡಿಯಲು ಕೊಟ್ಟಳು. ಕರಾರಿನಂತೆ ಮರದ ಮುಚ್ಚಳ ಕೂಡಿಸಿದೆವು, ಕೊಡ ಇಳಿಯುವಷ್ಟೇ ಒಂದು ಸಣ್ಣ ಕಿಂಡಿ. ಲಗ್ನವೂ ಆಯಿತು. ಆ ಮೇಲೆ ಆಪಾ ಓಣಿಗೆ ಕಾಲಿಡಲಿಲ್ಲ. ನಾನು ಬೇಡ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಹೋಗಲು ಕಾರಣ ಉಳಿದಿರಲಿಲ್ಲ, ಅಷ್ಟೇ.

ಬೆಳಗಾದರೆ ಮೊದಲಿನ ಹೊತ್ತಿಗೇ ಎರಡು ಕೊಡ ಎತ್ತಿಕೊಳ್ಳುವಳು. ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು. ಹಿತ್ತಲ ಬಾಗಿಲಿನಿಂದ ಬಾವಿ ಎಷ್ಟು ದೂರ? ಎಮ್ಮೆ ಕಟ್ಟುವ ಹಗ್ಗದಷ್ಟು. ಅಷ್ಟಕ್ಕೂ ಹಾಗೆಯೇ ಹೊತ್ತು ಬರುವಳು. ಆ ಉಳಿದ ಒಂದು ಕೈ ಮಾತ್ರ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಕೊಡ ಬಿದ್ದವರು ಆಗಾಗ ಗರಡಿ ಕೇಳಲು ಬರುತ್ತಿದ್ದರು. ಹಿತ್ತಲ ಬಾಗಿಲ ಸಂದಿಯಿಂದ ಕೊಟ್ಟು, "ತಳಕ್ಕ ಮುಟ್ಟಿದ ಮ್ಯಾಲ ಒಂದು ಗೇಣು ಎತ್ತು, ಆಮ್ಯಾಲ ತಿರುವು" ಎಂದು ಹೇಳಿ ಕಳಿಸುವಳು. ಅವರು ಏನೋ ಹೇಳಲು ನಿಂತರೆ, "ಇಲ್ಲಿ ಬ್ಯಾಡವಾ, ಹೋಗು" ಅನ್ನುವಳು.

ಒಂದು ಮಧ್ಯಾಹ್ನ ನಾನು ಅನಿರೀಕ್ಷಿತವಾಗಿ ಮನೆಗೆ ಬಂದೆ. ಹಿತ್ತಲಿನಲ್ಲಿ ಆಪಾ ಮತ್ತು ನನ್ನ ಹೆಂಡತಿ ನಗುತ್ತಿದ್ದರು. ಬಾವಿಯ ಮುಚ್ಚಳ ಪೂರಾ ತೆಗೆದು ಮಗ್ಗುಲಿಗಿಟ್ಟಿದ್ದರು. ಬೇಕಂತಲೇ ಒಂದು ಕೊಡ ಬಿಟ್ಟು, ಹೆಂಡತಿಯ ಕೈಗೆ ಗರಡಿ ಕೊಟ್ಟು, ಆಪಾ ಅವಳ ಕಣ್ಣು ಮುಚ್ಚಿ ಹಿಡಿದಿದ್ದಳು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ಆಪಾ ಮುಚ್ಚಳ ಎಳೆಯತೊಡಗಿದಳು. ನಾನು ಏನೂ ಅಂದಿರಲಿಲ್ಲ, ನಿಂತಿದ್ದೆ ಅಷ್ಟೇ.

ಆ ರಾತ್ರಿ ನಾನು ಹೆಂಡತಿಗೆ ಕೇಳಿದೆ: "ನಿನಗ ಬಾವಿ ಇರೂ ಮನಿ ಬೇಕಾಗಿತ್ತಲ್ಲ?"

"ಬಾವಿ ಐತೇನು ಅಂತ ಕೇಳಿದವರು ಮಾಮಾ. ನನ್ನ ಯಾರು ಕೇಳ್ಯಾರ?" ಎಂದಳು.

ಈ ಮಳೆಗಾಲದಲ್ಲಿ ಆಪಾಗೆ ಜ್ವರ ಬಂತು. ನಾಲ್ಕಾರು ದಿನ ಮಲಗಿದಳು, ಹೋದಳು. ನನ್ನ ತಪ್ಪಿನ ಬಗ್ಗೆ ಕಡೆಯವರೆಗೂ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಅವಳನ್ನು ಹೊರುವಾಗ ಹುಣಸೆ ಬಾವಿಯ ದಾರಿಯಿಂದ ಒಯ್ಯೋಣ ಎಂದು ನನ್ನ ಬಾಯಿಗೆ ಬಂದಿತ್ತು. "ಈ ಕಡೆ ಹತ್ರ ಆಗತೈತಿ" ಎಂದು ಯಾರೋ ಹಿರಿಯರು ಅಂದರು. ಹತ್ತಿರದ ದಾರಿಯಿಂದಲೇ ಒಯ್ದೆವು.

ಮೂರನೆಯ ದಿನ ಗರಡಿ ಕೇಳಲು ಬಂದ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಹೆಂಡತಿ ಗರಡಿಯನ್ನು ತಂದವಳು ಅವಳ ಕೈಗೆ ಕೊಡಲಿಲ್ಲ. ಅವಳನ್ನು ಬಾಗಿಲ ಹತ್ತಿರವೇ ನಿಲ್ಲಿಸಿ ನನ್ನನ್ನು ಒಳಗೆ ಕರೆದಳು.

"ಬರೇ ಕೊಟ್ರ ಏನಾಗತೈತಿ? ಆಕೀಗೆ ಹಾಕಾಕ ಬರೂದಿಲ್ಲ. ನನಗ ಆಪಾ ಕಲಿಸ್ಯಾರ. ಬುರ್ಖಾ ಹಾಕ್ಕೊಂಡು ಹೋಗಿ ತೆಗೆದು ಕೊಟ್ಟು ಬರ್ತೇನಿ. ಮಾಮಾ ಹೊರಗ ಕೂತಾರ, ನೀವ ಒಂದು ಮಾತು ಹೇಳಿ ಬರ್ರಿ, ಹೋಗ್ತಾಳಂತ ಅಂತ."

ಅವಳು ಆಗಲೇ ಬುರ್ಖಾವನ್ನು ತೋಳಿನ ಮೇಲೆ ಹಾಕಿಕೊಂಡಿದ್ದಳು. ನಾನು ಚಾದರ ಸರಿಸಿ ಹೊರಗೆ ಬಂದೆ. ನಾನು ಅಂದು ಬಡಿದ ಅದೇ ಚಾದರ, ಈಗ ಮಾಸಿದೆ. ಕಟ್ಟೆಯ ಮೇಲೆ ಹಿರಿಯರೆಲ್ಲ ಸಾಲಾಗಿ ಕೂತಿದ್ದರು, ಮಾಮಾ ನಡುವೆ.

"ಏನಂತ ಒಳಗ?" ಎಂದು ಮಾಮಾ ಕೇಳಿದರು.

"ಏನಿಲ್ಲರಿ" ಎಂದೆ. "ಗರಡಿ ಕೇಳಾಕ ಯಾ‌ರೋ ಬಂದಾರ. ಕೊಟ್ಟು ಕಳಸ್ತಾಳಂತ."

ಪರದೆ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. "ತಳಕ್ಕ ಮುಟ್ಟಿದ ಮ್ಯಾಲ ಒಂದು ಗೇಣು ಎತ್ತು" ಎಂದು ನನ್ನ ಹೆಂಡತಿ ಸಂದಿಯಿಂದ ಹೇಳಿದ್ದು ಕೇಳಿಸಿತು.

ಸಂಜೆ ಗರಡಿ ತಿರುಗಿ ಬಂತು. ಕೊಡ ಸಿಕ್ಕಿರಲಿಲ್ಲ. ಹೆಂಡತಿ ಕೊಕ್ಕೆ ಕೊಕ್ಕೆಯನ್ನೂ ಒರೆಸಿ, ಎಣ್ಣೆ ಸವರಿ, ಹಗ್ಗ ಸುತ್ತಿ ಗೂಟಕ್ಕೆ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಎರಡು ಕೊಡ ತೆಗೆದುಕೊಂಡು, ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ ಇಟ್ಟುಕೊಂಡು, ಹಿತ್ತಲಿಗೆ ನೀರು ತರಲು ಹೋದಳು.